ಸೈಟ್ ಬೇರೆ, ಸೈಟ್ ಬೇರೆ

ಈ ಸಂಗತಿ ಹೇಳುವುದನ್ನು ನಾನು ಬಹಳ ಕಾಲದಿಂದ ಮುಂದೂಡುತ್ತ ಬಂದಿದ್ದೇನೆ. ಮೊದಲು ಕಣ್ಣಿನ ಪೊರೆಯ ಆಪರೇಷನ್ ಆಗಲಿ ಎಂದೆ. ಆಯಿತು. ಆಮೇಲೆ ಮಳೆಗಾಲ ಮುಗಿಯಲಿ ಎಂದೆ. ಮಳೆಗಾಲಗಳೇ ಹಲವು ಮುಗಿದವು. ಈಗ ಹೊಸ ನೆಪ ಹುಡುಕಲು ಬುದ್ಧಿ ಓಡುತ್ತಿಲ್ಲ. ಹೇಳಿಬಿಡುತ್ತೇನೆ.

ನನ್ನ ವಿದ್ಯೆ ಎಸ್ಸೆಸ್ಸೆಲ್ಸಿ. ಇಂಗ್ಲಿಷಿನಲ್ಲಿ ಮೊದಲ ಸಲವೇ ಪಾಸಾದವನು. ಎಷ್ಟು ಅಂಕ ಬಂತು ಎಂದು ಕೇಳುವ ಅಸಭ್ಯತೆ ಆಗಿನ ಜನರಲ್ಲಿ ಇರಲಿಲ್ಲ. ಆ ಬಲದ ಮೇಲೆ ಭಾಲ್ಕಿಯ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಬರುವ ಹೋಗುವ ಬಸ್ಸುಗಳನ್ನು ಕೂಗಿ ಹೇಳುವ ಕೆಲಸ ಮಾಡಿ ನಿವೃತ್ತನಾದೆ. ಪ್ರತಿ ಸಲವೂ ಮೊದಲು "ಅಟೆನ್ಷನ್ ಪ್ಲೀಸ್" ಎನ್ನುತ್ತಿದ್ದೆ. ಮುಂದಿನದೆಲ್ಲ ಕನ್ನಡ. ಆದರೂ ಊರಿನಲ್ಲಿ "ಮಾಣಿಕರಾವ್ ಕಾಕಾನ ಇಂಗ್ಲಿಷ್ ಅಂದ್ರ ಇಂಗ್ಲಿಷ್!" ಎಂಬ ಮಾತು ಹುಟ್ಟಿತು. ತಾನಾಗಿ ಬಂದ ಕೀರ್ತಿಯನ್ನು ಬೇಡ ಎನ್ನುವುದು ನನ್ನ ಸ್ವಭಾವವಲ್ಲ.

ಆ ಕೀರ್ತಿಯನ್ನು ನಂಬಿ ಶಿವರಾಜ ಸಾವ್ಕಾರರು ತಮ್ಮ ಶಾಲೆಯ ಕಮಿಟಿಗೆ ನನ್ನನ್ನು ಸೇರಿಸಿಕೊಂಡರು. ಸಾವ್ಕಾರರ ನಿಜವಾದ ವ್ಯಾಪಾರ ಪ್ಲಾಟಿನದು. ಊರ ಹೊರಗೆ ಹೊಲ ಕೊಂಡು, ಕಲ್ಲು ನೆಟ್ಟು, ಪ್ಲಾಟ್ ಮಾಡಿ ಮಾರುತ್ತಿದ್ದರು. ಪಕ್ಕದಲ್ಲೊಂದು ಶಾಲೆ ಇದ್ದರೆ ಪ್ಲಾಟುಗಳು ಬೇಗ ಹೋಗುತ್ತವೆ ಎಂದು ಯಾರೋ ಹೇಳಿದ್ದರು. ಕಟ್ಟಿಸಿದರು. ಇದಕ್ಕೆ ವಿದ್ಯಾದಾನ ಎಂದು ಹೆಸರು.

ಆ ಶಾಲೆಯಲ್ಲಿ ಒಬ್ಬರು ಇಂಗ್ಲಿಷ್ ಟೀಚರ್ ಇದ್ದರು. ಔರಾದ ತಾಲೂಕಿನ ಚಿಂತಾಕಿಯವರು. ತಂದೆ ಕುರಿ ಸಾಕಿ ಮಗಳನ್ನು ಎಂ.ಎ. ಓದಿಸಿದ್ದರು. ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಒಂದು ಖೋಲಿ ಬಾಡಿಗೆ ಹಿಡಿದಿದ್ದರು. ನನ್ನ ಹೆಂಡತಿ ಕಸ್ತೂರಬಾಯಿಗೆ ಆಕೆಯ ಮೇಲೆ ಬಹಳ ಮಾಯೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆ ವರ್ಷ ಆಗುವುದೆಂದು ಮಾತಾಗಿತ್ತು. "ಕಾಯಂ ಆದ್ರ ಅವ್ವನ್ನ ಇಲ್ಲೇ ಕರ್ಕೊಂಡು ಬರ್ತೇನ್ರಿ ಕಾಕಿ. ಆಕಿಗಿ ಅಲ್ಲಿ ನೋಡ್ಕೊಳ್ಳೋರು ಇಲ್ರಿ, ಅಪ್ಪ ಕುರಿ ಹಿಂದ ತಿರಗ್ತಾನ" ಎಂದು ಕಸ್ತೂರಬಾಯಿಯ ಮುಂದೆ ಹೇಳಿಕೊಂಡಿದ್ದರಂತೆ. ಇದು ನನಗೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಈಗ ಹೇಳಿದರೆ ಇನ್ನೊಂದು ಸುಳ್ಳಾಗುತ್ತದೆ. ಇರುವವೇ ಸಾಕಷ್ಟಿವೆ.

ಹೀಗಿರುವಾಗ ಸಾವ್ಕಾರರು ಬೀದರಿನಲ್ಲಿ ನಡೆದ ಯಾವುದೋ ಶಿಕ್ಷಣ ಸಭೆಗೆ ಹೋಗಿ, ಊಟ ಮಾಡಿ, ಅಲ್ಲಿ ಹಂಚಿದ ದಪ್ಪ ಪುಸ್ತಕವೊಂದನ್ನು ತಂದರು. ಅದರ ಹೆಸರು "ಇಂಗ್ಲಿಷ್ ಲಾಂಗ್ವೇಜ್ ಆರ್ಟ್ಸ್ ಸ್ಟ್ಯಾಂಡರ್ಡ್ಸ್". ಶಿಕ್ಷಕರು ಇದನ್ನು ಅರಿತು ಪಾಠ ಮಾಡಬೇಕಂತೆ. ಸ್ವಲ್ಪ ದಿನದಲ್ಲಿ ಬೀದರಿನಿಂದ ನಿವೃತ್ತ ಪ್ರಿನ್ಸಿಪಾಲ್ ಮೇಡಂ ಒಬ್ಬರು ಬಂದು ಪಾಠ ನೋಡಿ, ಇಂಗ್ಲಿಷ್ ಟೀಚರನ್ನು ಕಾಯಂ ಮಾಡಬಹುದೋ ಇಲ್ಲವೋ ಹೇಳುವವರಿದ್ದರು.

"ಕಾಕಾ, ಇದು ನಿಮ್ಮ ಕೆಲಸ ನೋಡ್ರಿ. ಜರಾ ಓದಿ ನಮ್ಮ ಮಾಸ್ತರಿಗೆ ತಿಳಿಸ್ರಿ" ಎಂದರು ಸಾವ್ಕಾರರು.

"ಅದರಾಗೇನದ? ಒಂದು ಸಲ ಕಣ್ಣಾಡಿಸಿದ್ರ ಆಯ್ತು" ಎಂದೆ.

ಮನೆಗೆ ಬಂದು ಕನ್ನಡಕ ಒರೆಸಿಕೊಂಡು ಕೂತೆ. ಕಸ್ತೂರಬಾಯಿ ರೊಟ್ಟಿ ಬಡಿಯುತ್ತಿದ್ದಳು. ನಾನು ಮೊದಲ ಪುಟವನ್ನೇ ತಿರುಗಾ ಮುರುಗಾ ನೋಡುತ್ತಿರುವುದನ್ನು ಕಂಡು ಕೇಳಿದಳು:

"ಯಾಕ್ರಿ, ಹತ್ತವಲ್ದೇನು ತಲಿಗಿ? ಹಿಂದಿನ ಓಣ್ಯಾಗ ಟೀಚರ್ ಅದಾಳಲ್ಲ, ಕೇಳ್ರಿ."

"ಕಮಿಟಿ ಮೆಂಬರ್ ಹೋಗಿ ಟೀಚರಿಗೆ ಕೇಳಬೇಕೇನು? ಇಜ್ಜತ್ ಏನ್ ಉಳೀತದ?"

"ಕೇಳಿದ್ರ ಒಂದಿನ ಹೋಗ್ತದ. ಕೇಳದಿದ್ರ ದಿನಾ ಹೋಗ್ತದ" ಎಂದು ರೊಟ್ಟಿ ತಿರುವಿ ಹಾಕಿದಳು. ಹೆಂಗಸರ ಮಾತಿಗೆ ಕಿವಿಗೊಡುವ ಗಂಡಸು ನಾನಲ್ಲ. ಅದಕ್ಕೇ ಇವತ್ತು ಇದನ್ನು ಬರೆಯುತ್ತ ಕೂತಿದ್ದೇನೆ.

ಆರ್ಟ್ಸ್ ಎಂದರೆ ಕಲೆ. ಸ್ಟ್ಯಾಂಡರ್ಡ್ ಎಂದರೆ ತರಗತಿ. ಐದನೇ ಸ್ಟ್ಯಾಂಡರ್ಡ್, ಆರನೇ ಸ್ಟ್ಯಾಂಡರ್ಡ್ ಅನ್ನುವುದಿಲ್ಲವೇ! ಅಂದರೆ ಇಂಗ್ಲಿಷನ್ನು ಕಲೆಯ ಮೂಲಕ ತರಗತಿವಾರು ಕಲಿಸಬೇಕು. ಇಷ್ಟು ಸುಲಭದ ವಿಷಯಕ್ಕೆ ಅಷ್ಟು ದಪ್ಪ ಪುಸ್ತಕ! ಮರುದಿನವೇ ಇಂಗ್ಲಿಷಿನ ಅರ್ಧ ಪೀರಿಯಡ್‌ಗಳನ್ನು ಕಿತ್ತು ಡ್ರಾಯಿಂಗ್ ಮಾಸ್ತರರಿಗೆ ಕೊಡಿಸಿದೆ. ಅವರು ಕೈಮುಗಿದು ಒಪ್ಪಿಕೊಂಡು ಮಕ್ಕಳಿಂದ ವಾರವಿಡೀ ಆನೆ ಬರೆಯಿಸಿದರು. ಇಂಗ್ಲಿಷ್ ಆನೆ.

ಮುಂದೆ ಓದಿದೆ. "ಆ್ಯಂಕರ್ ಸ್ಟ್ಯಾಂಡರ್ಡ್" ಎಂದಿತ್ತು. ಆ್ಯಂಕರ್ ಯಾರೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಟಿ.ವಿ.ಯಲ್ಲಿ ಮೈಕು ಹಿಡಿದು ಕಿರುಚುವವರು! ಪ್ರತಿ ತರಗತಿಗೂ ಒಬ್ಬ ಆ್ಯಂಕರ್ ಬೇಕು. ಈ ತರಬೇತಿಯನ್ನು ಸ್ವತಃ ನಾನೇ ಕೊಟ್ಟೆ. ಇಷ್ಟು ವರ್ಷ ಮೈಕಿನ ಮುಂದೆ ಕೂತದ್ದು ವ್ಯರ್ಥವಾಗಲಿಲ್ಲ ಎಂದು ಹಿಗ್ಗಿದೆ.

ಆಮೇಲೆ ಬಂತು ಆ ಸಾಲು: "ಸೈಟ್ ಟೆಕ್ಸ್ಟ್ಯುಯಲ್ ಎವಿಡೆನ್ಸ್".

ಓದಿದ ಕೂಡಲೇ ಎದ್ದು ನಿಂತೆ. ನಮ್ಮ ಕಡೆ ಪ್ಲಾಟ್ ಅನ್ನುವುದನ್ನು ಬೆಂಗಳೂರಿನವರು ಸೈಟ್ ಎನ್ನುತ್ತಾರೆ. ನಾನು ತಿರುಗಾಡಿದವನು, ನನಗೆ ಗೊತ್ತು. ಎವಿಡೆನ್ಸ್ ಎಂದರೆ ಪುರಾವೆ. ಟೆಕ್ಸ್ಟ್ ಎಂದರೆ ಬರಹ. ಸೈಟಿಗೆ ಬರಹದ ಪುರಾವೆ ಬೇಕು, ಬಾಯಿಮಾತು ನಡೆಯುವುದಿಲ್ಲ! ಸೈಟನ್ನು ಎಸ್ ಬಿಟ್ಟು ಸಿ ಹಾಕಿ ಬರೆದಿದ್ದರು. ಜರಾ ಅನುಮಾನ ಬಂತು. ಆದರೆ ಸಿಟಿಯೂ ಸಿ ಯಿಂದಲೇ ಶುರುವಾಗುತ್ತದಲ್ಲ! ಅಂದರೆ ಹಳ್ಳಿಯ ಸೈಟಿಗೆ ಎಸ್, ಪಟ್ಟಣದ ಸೈಟಿಗೆ ಸಿ. ಇಂಗ್ಲಿಷ್ ಎಷ್ಟು ಶಿಸ್ತಿನ ಭಾಷೆ ಎಂದು ತಲೆದೂಗಿದೆ.

ಕಮಿಟಿ ಸಭೆಯಲ್ಲಿ ಮಾಸ್ತರರೆಲ್ಲರ ಮುಂದೆ ಇದನ್ನು ವಿವರಿಸಿದೆ. "ಊರಾಗ ಸ್ವಂತ ಪ್ಲಾಟ್ ಇದ್ದ ಟೀಚರ್ ನಡು ವರ್ಷದಾಗ ಬ್ಯಾರೆ ಸಾಲಿಗಿ ಓಡಿ ಹೋಗಂಗಿಲ್ಲ. ಎಂಥಾ ದೂರದ ವಿಚಾರ ನೋಡ್ರಿ!"

ಸಾವ್ಕಾರರ ಮುಖ ಅರಳಿತು. "ಕಾಕಾ, ಇಂಥಾ ಪುಸ್ತಕ ನಾ ಹುಟ್ಟಿ ನೋಡಿಲ್ಲ. ಮಾಸ್ತರಿಗೆ ನಮ್ಮ ಲೇಔಟಿನಾಗೇ ಕಂತಿನ ಮ್ಯಾಲ ಕೊಡೋಣ್ರಿ!"

ಇಂಗ್ಲಿಷ್ ಟೀಚರ್ ಎದ್ದು ನಿಂತರು. "ಸರ್, ತಪ್ಪು ತಿಳ್ಕೋಬ್ಯಾಡ್ರಿ. ಅದು ಸೈಟ್ ಅಲ್ರಿ, ಸೈಟ್ ರಿ."

"ಏನಂದಿ?" ಎಂದೆ.

"ಈ ಸೈಟ್ ಬ್ಯಾರೆ, ಆ ಸೈಟ್ ಬ್ಯಾರೆ ರಿ."

ಸಭೆ ಘೊಳ್ಳೆಂದು ನಕ್ಕಿತು. ಟೀಚರ್ ಕೆಂಪಾಗಿ, ಬೋರ್ಡಿನ ಹತ್ತಿರ ಹೋಗಿ ಮೂರು ಶಬ್ದ ಬರೆದರು. ಒಂದು ಸಿ ಯಿಂದ, ಎರಡು ಎಸ್ ನಿಂದ. "ಇದು ಜಾಗಾ, ಇದು ನೋಟ, ಇದು ನಮ್ಮ ಪುಸ್ತಕದಾಗಿಂದು. ಮೂರಕ್ಕೂ ಸೈಟ್ ಅಂತಾರ್ರಿ."

ಸಾವ್ಕಾರರು ತೊಡೆ ತಟ್ಟಿಕೊಂಡರು. "ನೋಡ್ರಿ ಕಾಕಾ! ಟೀಚರ್ ಮೂರು ಸೈಟ್ ಬರದಾರ, ಕಾಗದ ಒಂದರದೂ ತೋರ್ಸವಲ್ರು!"

ಆ ನಗೆಯ ನಡುವೆಯೇ ಆಕೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ಹುಡುಗ್ರು ಉತ್ತರ ಹೇಳಿದ್ರ ಸಾಲದ್ರಿ. ಪಾಠದಾಗ ಯಾವ ಸಾಲಿನಾಗ ಅದ ಅಂತ ತೋರ್ಸಬೇಕು. ಸುಮ್ನೆ ಅಂದಾಜಿಲೆ ಮಾತಾಡಬಾರ್ದು. ಅಷ್ಟೇ ಅದರ ಅರ್ಥರಿ ಸರ್."

ಇದು ಸರಿ ಎಂದು ನನಗೆ ಅನ್ನಿಸಿತು. ಇಲ್ಲಿ ಒತ್ತಿ ಹೇಳುತ್ತೇನೆ: ಅನ್ನಿಸಿತು. ಒಂದು ಕ್ಷಣ ಬಾಯಿ ತೆರೆದೆ ಕೂಡ. ಆದರೆ ಅಷ್ಟೂ ಜನ ನನ್ನ ಪರವಾಗಿ ನಗುತ್ತಿದ್ದರು. ಅಂಥ ಯೋಗ ನನಗೆ ದಿನಾ ಎಲ್ಲಿ ಬರುತ್ತದೆ?

"ಅಟೆನ್ಷನ್ ಪ್ಲೀಸ್" ಎಂದು ಮೇಜು ಕುಟ್ಟಿ, "ಎಲ್ಲಾರೂ ಕಾಗದ ತಂದು ಫೈಲಿಗೆ ಹಚ್ರಿ" ಎಂದು ಸಭೆ ಮುಗಿಸಿದೆ.

ಮಾಸ್ತರರು ಪಾಪ, ಸಿಕ್ಕಿದ್ದನ್ನು ತಂದರು. ಗಣಿತದವರು ಮಾವನ ಮನೆಯ ಟ್ಯಾಕ್ಸ್ ರಸೀದಿ ತಂದರು. ಪಿ.ಟಿ. ಮಾಸ್ತರರು ಅಣ್ಣನ ಹೊಲದ ಪಹಣಿ ತಂದರು. ಅದು ಎಸ್ ಸೈಟು ಎಂದು ನಾನು ತಿರಸ್ಕರಿಸಿದೆ. ಇಂಗ್ಲಿಷ್ ಟೀಚರ್ ಏನೂ ತರಲಿಲ್ಲ.

ಬೀದರಿನ ಮೇಡಂ ಬಂದ ದಿನ ಬಿಸಿಲು ಚುರುಗುಡುತ್ತಿತ್ತು. ಅವರು ತರಗತಿಯೊಳಗೆ ಕಾಲಿಟ್ಟ ಕೂಡಲೇ ನಾನು ತಯಾರು ಮಾಡಿದ ಆ್ಯಂಕರ್ ಹುಡುಗಿ ಮೈಕು ಹಿಡಿದಳು. "ಅಟೆನ್ಷನ್ ಪ್ಲೀಸ್. ಇಂಗ್ಲಿಷ್ ಪಾಠವು ಇನ್ನು ಸ್ವಲ್ಪ ಹೊತ್ತಿನಲ್ಲಿ ಹೊರಡಲಿದೆ. ದಯವಿಟ್ಟು ನಿಮ್ಮ ನಿಮ್ಮ ಸಾಮಾನುಗಳ ಮೇಲೆ ನಿಗಾ ಇಡಿ."

ಮೇಡಂ ಹುಬ್ಬೇರಿಸಿದರು. ಗೋಡೆಯ ತುಂಬ ಆನೆಗಳು. ಆನೆಗಳ ಕೆಳಗಿನ ಮೇಜಿನ ಮೇಲೆ ನನ್ನ ಫೈಲು. ಅದನ್ನು ತೆರೆದು ನೋಡಿ ಕೇಳಿದರು: "ಇದೇನ್ರಿ ಇದು? ಇಂಗ್ಲಿಷ್ ಪಾಠಕ್ಕೂ ಮನಿ ಟ್ಯಾಕ್ಸಿಗೂ ಏನ್ ಸಂಬಂಧರಿ?"

ನಾನು ಎದೆಯುಬ್ಬಿಸಿ ವಿವರಿಸಿದೆ. ಸಿಟಿಯ ಸಿ ವರೆಗೂ ವಿವರಿಸಿದೆ. ಮೇಡಂ ನಗಲು ಶುರು ಮಾಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನಾನೂ ಸಂತೋಷದಿಂದ ಜೊತೆಗೆ ನಕ್ಕೆ. ಅವರು ಥಟ್ಟನೆ ನಿಲ್ಲಿಸಿದರು. ನಾನು ಇನ್ನೂ ನಗುತ್ತಿದ್ದೆ.

"ಈ ಅರ್ಥ ನಿಮಗ ಯಾರು ಹೇಳಿದ್ರು?"

ಸಾವ್ಕಾರರು ನನ್ನನ್ನು ನೋಡಿದರು. ಮಾಸ್ತರರು ನನ್ನನ್ನು ನೋಡಿದರು. ಇಷ್ಟು ವರ್ಷ ಗಳಿಸಿದ ಇಂಗ್ಲಿಷ್ ಕೀರ್ತಿ ಕಣ್ಣೆದುರೇ ಹೊರಟು ನಿಂತಿತು. ನನ್ನ ಬಾಯಿಂದ ಒಂದು ಮಾತು ಜಾರಿತು.

"ಇಂಗ್ಲಿಷ್ ಟೀಚರ್ ಹೇಳಿದ್ರಿ ಮೇಡಂ."

ಸಾವ್ಕಾರರು ತಡಮಾಡಲಿಲ್ಲ. "ಹೌದ್ರಿ ಮೇಡಂ. ಹೊಸಬರು. ತಪ್ಪು ತಿಳ್ಕೊಂಡಾರ." ಮಾಸ್ತರರು ನೆಲ ನೋಡಿದರು. ಅವರ ಅನ್ನವೂ ಸಾವ್ಕಾರರ ಕೈಯಲ್ಲೇ ಇತ್ತು.

ಟೀಚರ್ ಅಳಲಿಲ್ಲ, ಕೂಗಾಡಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು. "ಸರ್, ನಾ ಯಾವತ್ತು ಹೇಳಿದೆ? ಯಾರ ಮುಂದ ಹೇಳಿದೆ? ಅಷ್ಟು ಹೇಳ್ರಿ."

ಆ ಪುಸ್ತಕದ ಅರ್ಥ ನನಗೆ ಆಗ ಪೂರ್ತಿಯಾಗಿ ತಿಳಿಯಿತು. ತಿಳುವಳಿಕೆ ಬರಲು ಅದು ಒಳ್ಳೆಯ ಹೊತ್ತಾಗಿರಲಿಲ್ಲ. ನನಗೆ ಕೆಮ್ಮು ಬಂತು. ಬರಲಿಲ್ಲ, ತಂದುಕೊಂಡೆ. ಕೆಮ್ಮುತ್ತ ಕೆಮ್ಮುತ್ತ ಹೊರಗೆ ಹೋಗಿ ನಲ್ಲಿಯ ಬಳಿ ನಿಂತೆ. ಮೇಡಂ ಕಾರು ಹೋಗುವವರೆಗೂ ಕೆಮ್ಮಿದೆ.

ಟೀಚರ್ ಕಾಯಂ ಆಗಲಿಲ್ಲ. ಆ ವರ್ಷ ಮುಗಿಯುತ್ತಲೇ ಖೋಲಿ ಖಾಲಿ ಮಾಡಿದರು. ಹೋಗುವ ಮುಂಚೆ ಕಸ್ತೂರಬಾಯಿಗೆ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದರಂತೆ. ಏನೂ ದೂರಲಿಲ್ಲವಂತೆ. ಆದರೆ ಆ ವೇಳೆಗೆ ಡ್ರಾಯಿಂಗ್ ಮಾಸ್ತರರ ಹೆಂಡತಿಯ ಕೃಪೆಯಿಂದ ಕಸ್ತೂರಬಾಯಿಗೆ ಎಲ್ಲ ತಿಳಿದಿತ್ತು.

"ಬಸ್ಸು ತಡಾ ಆದ್ರ ಕಂಡಕ್ಟರ್ ಮ್ಯಾಲ ಹಾಕ್ತಿದ್ರಿ, ಡ್ರೈವರ್ ಮ್ಯಾಲ ಹಾಕ್ತಿದ್ರಿ. ಅವರ ನೌಕರಿ ಗಟ್ಟಿ ಇತ್ತು, ತಡಕೊಂಡ್ರು. ಈ ಹುಡುಗಿ ಮ್ಯಾಲ ಹಾಕ್ಲಿಕ್ಕಿ ಮನಸ್ಸರೆ ಹ್ಯಾಂಗ ಬಂತ್ರಿ ನಿಮಗ?"

"ಬಾಯಿ ತಪ್ಪಿ ಬಂತು."

"ತಪ್ಪಿದ ಬಾಯಿಲೇ ಹೋಗಿ ಮಾಫಿ ಕೇಳ್ರಿ."

ಕೇಳುತ್ತೇನೆ ಎಂದೆ. ಕಣ್ಣಿನ ಪೊರೆ, ಮಳೆಗಾಲ ಇತ್ಯಾದಿ ಶುರುವಾದದ್ದು ಅಲ್ಲಿಂದಲೇ.

ಹೋದ ವರ್ಷ ಔರಾದದಲ್ಲಿ ನಂಟರ ಮದುವೆ. ಊಟ ಮುಗಿಸಿ ಬಸ್ಸಿಗೆ ನಿಂತಿದ್ದೆ. ಯಾರೋ "ನಮಸ್ಕಾರ್ರಿ ಸರ್" ಎಂದರು. ತಿರುಗಿದರೆ ಅವರೇ! ಕೈಯಲ್ಲಿ ಮಕ್ಕಳ ಉತ್ತರಪತ್ರಿಕೆಯ ಕಟ್ಟು. ಅಲ್ಲೇ ಯಾವುದೋ ಶಾಲೆಯಲ್ಲಿ ಇದ್ದಾರಂತೆ. ಕಾಯಂ ಅಲ್ಲವಂತೆ.

"ಅವ್ವ ಹ್ಯಾಂಗ ಅದಾಳ?" ಎಂದೆ.

"ಚಿಂತಾಕ್ಯಾಗೇ ಅದಾಳ್ರಿ ಸರ್. ಒಬ್ಬಾಕಿನೇ."

ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ ಎಂದು ಎದೆ ಗಟ್ಟಿ ಮಾಡಿಕೊಂಡೆ.

"ಟೀಚರ್, ಆವತ್ತು..." ಎಂದೆ.

ಅವರು ನಿಂತರು. ನನ್ನ ಮುಖವನ್ನೇ ನೋಡುತ್ತ ಕಾದರು.

"ಆವತ್ತು ಬಿಸಿಲು ಭಾಳ ಇತ್ತು" ಎಂದೆ.

"ಹೌದ್ರಿ ಸರ್, ಭಾಳ ಇತ್ತು" ಎಂದು ಅವರು ನಡೆದು ಹೋದರು.

ಮನೆಗೆ ಬಂದು, ಟೀಚರ್ ಸಿಕ್ಕಿದ್ದರು, ಮಾತಾಡಿದೆ ಎಂದು ಹೆಂಡತಿಗೆ ಹೇಳಿದೆ. "ಮಾಫಿ ಕೇಳಿದ್ರೇನು? ಏನಂದ್ಲು?" ಎಂದಳು. "ಹೌದ್ರಿ ಸರ್ ಅಂದ್ಲು" ಎಂದೆ. ಕಸ್ತೂರಬಾಯಿ ಕಣ್ಣೊರೆಸಿಕೊಂಡು, "ದೊಡ್ಡ ಮನಸ್ಸು ಆಕಿದು" ಎಂದು ಆ ದಿನ ನನ್ನ ರೊಟ್ಟಿಗೆ ತುಪ್ಪ ಹಾಕಿದಳು. ನಾನು ತಿಂದೆ.

ಮೊದಲು ಹುಡುಗಿಯ ಮೇಲೆ ಹಾಕಿದೆ, ಆಮೇಲೆ ಬಿಸಿಲಿನ ಮೇಲೆ ಹಾಕಿದೆ. ಇನ್ನು ಯಾರ ಮೇಲೆ ಹಾಕಬೇಕೋ ತೋಚದೆ ಈ ಕಾಗದದ ಮೇಲೆ ಹಾಕುತ್ತಿದ್ದೇನೆ. ಇದಕ್ಕೂ ಮಾಫಿ ಎಂದು ಹೆಸರಿಡಲು ನನಗೆ ಧೈರ್ಯವಿಲ್ಲ. ಎದುರಿಗೆ ನಿಂತು ಕೇಳಬೇಕಾದ್ದನ್ನು ಕೇಳದೆ ಬಂದ ಮುದುಕ ಊರಿಗೆಲ್ಲ ಹೇಳುತ್ತ ಹೋದರೆ ಅದು ಬರೀ ಬಾಯಿಬಡುಕತನ.

ಆ ಟೀಚರ್ ಹೆಸರು ಅನಸೂಯಾ.