ಊರು ಕೇಳದೆ ಹಡಗು ಹತ್ತಿದ್ದು

ನನಗೊಂದು ಕೆಟ್ಟ ಚಾಳಿ ಇದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕುಡಿತವಲ್ಲ, ಇಸ್ಪೀಟಲ್ಲ, ಅವಾಗಿದ್ದರೆ ಬಿಡಿಸುವುದಕ್ಕೆ ಶಿಬಿರಗಳಾದರೂ ಇವೆ. ನನ್ನದು ಕೇಳುವ ಚಾಳಿ. ಹೊಸ ಮುಖವೊಂದು ಕಣ್ಣಿಗೆ ಬಿದ್ದರೆ ಸಾಕು, ಅವರ ಊರು ಯಾವುದು, ಅಲ್ಲಿ ಯಾವ ಮನೆ, ತಾಯಿಯ ಕಡೆಯವರು ಎಲ್ಲಿಯವರು, ಇಷ್ಟು ತಿಳಿಯುವ ತನಕ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ನಮ್ಮ ಉಡುಪಿ ಕಡೆಯಲ್ಲಿ ಇದನ್ನು ಯಾರೂ ರೋಗವೆಂದು ಎಣಿಸುವುದಿಲ್ಲ, ನಿಜ. ನನ್ನೂರು ಪರ್ಕಳದಲ್ಲಿ ಬಸ್ಸು ಹತ್ತಿದ ಇಬ್ಬರು ಅಪರಿಚಿತರು ಹಿರಿಯಡಕ ದಾಟುವುದರೊಳಗೆ ಯಾವುದಾದರೊಂದು ಮದುವೆಯ ಮೂಲಕ ಸಂಬಂಧಿಕರಾಗಿ, ಕಾರ್ಕಳದಲ್ಲಿ ಇಳಿಯುವಾಗ ಒಬ್ಬರ ಚೀಲವನ್ನು ಇನ್ನೊಬ್ಬರು ಹಿಡಿದುಕೊಳ್ಳುವುದು ಇಲ್ಲಿ ದಿನಾ ನಡೆಯುವಂಥದ್ದು. ಆದರೆ ಉಳಿದವರು ಕೇಳಿ ಮುಗಿಸುವಲ್ಲಿ ನಾನು ಕೇಳಲು ಶುರು ಮಾಡುತ್ತೇನೆ ಎಂಬುದು ನನ್ನ ಮನೆಯವರ ದೂರು.

ಇದಕ್ಕೆ ನನ್ನ ಕಸುಬೂ ಸ್ವಲ್ಪ ಕಾರಣ. ಕಾರ್ಕಳದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಕನ್ನಡಕದ ಅಂಗಡಿ. ಇಪ್ಪತ್ತೆರಡು ವರ್ಷಗಳಿಂದ ಜನರ ಮೂಗಿನ ಮೇಲೆ ಫ್ರೇಮ್ ಇಟ್ಟು, ಜಾರುತ್ತದೋ ನಿಲ್ಲುತ್ತದೋ ಎಂದು ನೋಡುವುದೇ ಕೆಲಸ. ಅಷ್ಟು ಹತ್ತಿರ ಮುಖಕ್ಕೆ ಮುಖ ಕೊಟ್ಟು ನಿಂತ ಮೇಲೆ ಏನೂ ಮಾತಾಡದಿದ್ದರೆ ಇಬ್ಬರಿಗೂ ಮುಜುಗರ. ಹಾಗಾಗಿ ಊರು ಕೇಳುತ್ತೇನೆ. ಕೇಳಿ ಕೇಳಿ ಈಗ ಮೂಗು ನೋಡಿಯೇ ಊರು ಹೇಳಬಲ್ಲೆ ಎಂಬ ಧೈರ್ಯ ಬಂದಿದೆ. ಬೈಲೂರಿನ ಮೂಗಿಗೆ ಯಾವ ಫ್ರೇಮಾದರೂ ಒಗ್ಗುತ್ತದೆ. ಕಟಪಾಡಿಯಿಂದ ಶಿರ್ವದವರೆಗಿನ ಮೂಗುಗಳು ನಡುವೆ ಒಮ್ಮೆ ಏರಿ ಇಳಿಯುವುದರಿಂದ ಕನ್ನಡಕ ಕೂತಲ್ಲೇ ಕೂರುತ್ತದೆ. ಈ ಸಿದ್ಧಾಂತವನ್ನು ನನ್ನ ಹೆಂಡತಿ ಸುಜಾತ ನಂಬುವುದಿಲ್ಲ. ಅವಳು ಕಾಪುವಿನವಳು. ಹೆಣ್ಣು ನೋಡಲು ಹೋಗುವ ಮೊದಲು ಫೋಟೋದಲ್ಲಿ ಅವಳ ಮೂಗು ನೋಡಿ ನಾನು ಮೂಡುಬಿದಿರೆ ಎಂದು ಪಂಥ ಕಟ್ಟಿದ್ದೆ.

ಹೆಂಡತಿ ಸಹಿಸಿಕೊಂಡದ್ದನ್ನು ಮಗಳು ಶ್ರಾವ್ಯ ಸಹಿಸಲಿಲ್ಲ. ಕಳೆದ ವರ್ಷ ಉಡುಪಿಯ ಒಂದು ಸಭಾಭವನಕ್ಕೆ ಅವಳ ಗೆಳತಿಯ ಅಕ್ಕನ ಮದುವೆಗೆಂದು ಹೋಗಿದ್ದೆವು. ಮೆಟ್ಟಿಲ ಬಳಿ ಸುಮ್ಮನೆ ನಿಂತಿದ್ದ ಒಬ್ಬ ಗಂಭೀರ ಹಿರಿಯರ ಊರು ಕೇಳಿದೆ. ಊರಿನಿಂದ ಮನೆಗೆ, ಮನೆಯಿಂದ ಅಜ್ಜಿಮನೆಗೆ ಹೋಗಿ, ಕೊನೆಗೆ ನಮ್ಮಿಬ್ಬರ ದೊಡ್ಡಮ್ಮಂದಿರು ಒಂದೇ ಬಾವಿಯ ನೀರು ಸೇದಿದವರು ಎಂದು ಗೊತ್ತಾಯಿತು. ಆ ಸಂತೋಷದಲ್ಲಿ ಆ ಹಿರಿಯರ ಕೈಹಿಡಿದು ಕರೆದೊಯ್ದು ಊಟದ ಮೊದಲ ಪಂಕ್ತಿಯಲ್ಲಿ ಕೂರಿಸಿದೆ. ಸಾರು ಬಡಿಸಿ ಮುಗಿಯುವ ಹೊತ್ತಿಗೆ ಮೇಲಿನ ಮಹಡಿಯಿಂದ ನಾಲ್ಕು ಜನ ಏದುಸಿರು ಬಿಡುತ್ತ ಓಡಿ ಬಂದರು. ಮೇಲೆ ಬೇರೊಂದು ಮದುವೆ. ನನ್ನ ಪಕ್ಕದಲ್ಲಿ ಎಲೆಯ ಮುಂದೆ ಕೂತವರು ಆ ಮದುವೆಯ ಹುಡುಗಿಯ ಸೋದರಮಾವ. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದ ಮನುಷ್ಯ ಇಲ್ಲಿ ಸಾರನ್ನ ಕಲಸುತ್ತಿದ್ದಾರೆ, ಅಲ್ಲಿ ಮುಹೂರ್ತ ಮೀರುತ್ತಿದೆ. ಆ ದಿನ ಮನೆಗೆ ಬರುವವರೆಗೂ ಶ್ರಾವ್ಯ ನನ್ನಿಂದ ಹತ್ತು ಹೆಜ್ಜೆ ದೂರದಲ್ಲೇ ನಡೆದಳು.

ಈ ವರ್ಷ ಅವಳ ದ್ವಿತೀಯ ಪಿಯುಸಿ ಮುಗಿಯಿತು. ಕೃಷಿ ಪದವಿಗೆಂದು ಧಾರವಾಡದ ಹಾಸ್ಟೆಲಿಗೆ ಹೋಗುವವಳು. ಅದಕ್ಕೆ ಮುಂಚೆ ಮೂವರೂ ಒಮ್ಮೆ ಹೊರದೇಶ ನೋಡಿ ಬರೋಣವೆಂದು ಸಿಂಗಾಪುರದ ಪ್ಯಾಕೇಜ್ ಪ್ರವಾಸಕ್ಕೆ ಹೆಸರು ಕೊಟ್ಟೆ. ಎರಡು ದಿನ ಥೀಮ್ ಪಾರ್ಕು, ನಾಲ್ಕು ದಿನ ಕ್ರೂಸ್ ಹಡಗು. ಶ್ರಾವ್ಯ ಕರಪತ್ರವನ್ನು ಪೂರ್ತಿ ಓದಿ ಮಡಚಿಟ್ಟು ಹೇಳಿದಳು: "ನಾನು ಬರ್ಬೇಕಾದ್ರೆ ಒಂದು ಶರತ್ತು ಉಂಟು ಪಪ್ಪ. ನೀವು ಅಲ್ಲಿ ಒಬ್ಬರ ಹತ್ರವೂ ಊರು ಕೇಳ್ಬಾರ್ದು. ಕೇಳಿದ್ರೆ ಇನ್ನು ಮುಂದೆ ನಿಮ್ಮೊಟ್ಟಿಗೆ ನಾನು ಎಲ್ಲಿಗೂ ಬರುದಿಲ್ಲ. ಆಯ್ತಾ?" ನಾನು ನಕ್ಕೆ, ಅವಳು ನಗಲಿಲ್ಲ. ಹಾಸ್ಟೆಲು ಸೇರಿದ ಮಕ್ಕಳು ರಜೆಯಲ್ಲಿ ಅಪ್ಪನ ಜೊತೆ ತಿರುಗಾಡಬೇಕೆಂದು ಕಾನೂನೇನೂ ಇಲ್ಲವಲ್ಲ. ನನಗೆ ನಿಜವಾಗಿಯೂ ಹೆದರಿಕೆಯಾಯಿತು, ಆಯ್ತೆಂದು ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಥೀಮ್ ಪಾರ್ಕಿನ ಎರಡು ದಿನ ಹೇಗೋ ಕಳೆದವು. ಒಂದೊಂದು ಆಟಕ್ಕೂ ಒಂದು ಗಂಟೆ ಸರತಿ ಸಾಲು. ಮುಂದೆ ಹಿಂದೆ ನೂರಾರು ಜನ, ನೂರಾರು ಮೂಗು, ಒಂದರ ವಿಳಾಸವೂ ಗೊತ್ತಿಲ್ಲ. ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ ಹಿಡಿದುಕೊಂಡು ನಿಂತೆ. ತಲೆಕೆಳಗಾಗಿ ತಿರುಗಿಸುವ ರೋಲರ್ ಕೋಸ್ಟರ್‌ನಲ್ಲಿ ಎಲ್ಲರೂ ಕಿರುಚುತ್ತಿದ್ದಾಗ, ಪಕ್ಕದಲ್ಲಿ ತಮಿಳಿನಲ್ಲಿ ಕಿರುಚುತ್ತಿರುವವರು ತಿರುನೆಲ್ವೇಲಿಯವರೋ ಮಧುರೆಯವರೋ ಎಂದು ನಾನು ಯೋಚಿಸುತ್ತಿದ್ದೆ. ಇನ್ನೊಂದು ಕಡೆ ದೊಡ್ಡ ಕರಡಿಯ ವೇಷದವನೊಬ್ಬ ಮಕ್ಕಳ ಕೈಕುಲುಕುತ್ತಿದ್ದ. ನಮ್ಮ ಅಷ್ಟಮಿಯ ಹುಲಿವೇಷವಾದರೆ ಬಣ್ಣದ ಒಳಗಿರುವವ ಯಾರ ಮಗ ಎಂದು ಕುಣಿತದಲ್ಲೇ ಹೇಳಬಹುದು. ಈ ಕರಡಿಯ ಒಳಗೆ ಯಾರಿರಬಹುದು, ಅವನಿಗೆ ಸೆಕೆಯಾಗುವುದಿಲ್ಲವೇ, ಮನೆಯಲ್ಲಿ ಈ ಕೆಲಸವನ್ನು ಏನೆಂದು ಹೇಳಿಕೊಂಡಿದ್ದಾನೆ? ನಾನು ಕರಡಿಯನ್ನು ಎರಡು ಸುತ್ತು ಹಾಕಿದ್ದನ್ನು ಕಂಡು ಶ್ರಾವ್ಯ ದೂರದಿಂದಲೇ ತೋರುಬೆರಳು ಎತ್ತಿದಳು. ಮರಳಿ ಸಾಲಿಗೆ ಬಂದು ನಿಂತೆ.

ಮೂರನೆಯ ದಿನ ಹಡಗು ಹತ್ತಿದೆವು. ಹಡಗೆಂದರೆ ನಾನು ಮಲ್ಪೆಯ ಬೋಟುಗಳನ್ನು ಸ್ವಲ್ಪ ಹಿಗ್ಗಿಸಿ ಕಲ್ಪಿಸಿಕೊಂಡಿದ್ದೆ. ಇದು ನೋಡಿದರೆ ಹದಿನಾರು ಮಹಡಿ, ಒಳಗೆ ಪೇಟೆ, ಈಜುಕೊಳ, ನಾಟಕಶಾಲೆ. ಎಲ್ಲಕ್ಕಿಂತ ಮೇಲೆ ಆಟದ ಡೆಕ್ಕು: ಬಾಸ್ಕೆಟ್‌ಬಾಲು, ಟೇಬಲ್ ಟೆನಿಸ್ಸು, ಹಗ್ಗ ಕಟ್ಟಿಕೊಂಡು ಹತ್ತುವ ಒಂದು ಕೃತಕ ಬಂಡೆಗೋಡೆ. ಮಧ್ಯಾಹ್ನ ಶ್ರಾವ್ಯ ಒಬ್ಬಳೇ ಹೋಗಿ ಆ ಗೋಡೆ ಹತ್ತಿ ಬಂದಳು. ಸಂಜೆ ನಾವೂ ಹೋದೆವು. ಅಲ್ಲಿ ಎಲ್ಲರ ಸೊಂಟಕ್ಕೆ ಬೆಲ್ಟು ಬಿಗಿಯುತ್ತಿದ್ದ ನಲವತ್ತರ ಆಸುಪಾಸಿನ ಗಂಡಸಿನ ಮುಖ ನೋಡಿ ನನ್ನ ಕಾಲು ನಿಂತುಬಿಟ್ಟಿತು. ನಡುವೆ ಒಮ್ಮೆ ಏರಿ ಇಳಿದ ಮೂಗು! ಎದೆಯ ಮೇಲಿನ ಪಟ್ಟಿಯಲ್ಲಿ ಹೆಸರು, ಕೆಳಗೆ ದೇಶ: ರೋನಿ, ಇಂಡಿಯಾ. ನೋಡಿ, ಇದೆಂಥ ವಿಳಾಸ. ರೋನಿ ಎಂದರೆ ಗೋವಾ ಆಗಬಹುದು, ಕೇರಳ ಆಗಬಹುದು, ಮುಂಬಯಿಯೂ ಆಗಬಹುದು. ಆದರೆ ಆ ಮೂಗು ಕಟಪಾಡಿಯಿಂದ ಆಚೀಚೆ ಎರಡು ಮೈಲಿನೊಳಗೆ ಹುಟ್ಟಿದ್ದು ಎಂದು ನಾನು ಎಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತೇನೆ. "ಹಡಗಿನಲ್ಲಿ ಸಮುದ್ರ ನೋಡಿ ಮಾರಾಯ್ರೆ" ಎಂದು ಸುಜಾತ ನನ್ನ ಕತ್ತು ತಿರುಗಿಸಿದಳು.

ಕೇಳಬಾರದೆಂದು ಶರತ್ತು, ಹೇಳಬಾರದೆಂದು ಇಲ್ಲವಲ್ಲ. ಈ ಸಂದಿಯನ್ನು ಕಂಡುಹಿಡಿದ ನನ್ನ ಬುದ್ಧಿಗೆ ನಾನೇ ಮೆಚ್ಚಿ, ಮರುದಿನ ಬೆಳಿಗ್ಗೆ ಗೋಡೆ ಹತ್ತಲು ಹೆಸರು ಕೊಟ್ಟೆ. ಮಾಡಿನ ಹಂಚು ಸರಿಮಾಡಲು ಏಣಿ ಹತ್ತಿದರೆ ಮೂರನೇ ಮೆಟ್ಟಿಲಿನಿಂದಲೇ ಇಳಿದು ಬರುವ ಮನುಷ್ಯ ನಾನು. ರೋನಿ ಬೆಲ್ಟು ಬಿಗಿಯುತ್ತಿದ್ದಾಗ ಸುಜಾತಳ ಕಡೆ ತಿರುಗಿ ಗಟ್ಟಿಯಾಗಿ, "ನಮ್ಮ ಕಾಪುವಿನ ದೀಪಸ್ತಂಭದ ಮುಂದೆ ಇದೆಲ್ಲ ಎಂತ ಎತ್ತರ!" ಎಂದೆ. ರೋನಿ ಕತ್ತೆತ್ತಲಿಲ್ಲ. ಕಟಪಾಡಿಯ ಪಕ್ಕದ ಊರಿಗೆ ಬಂದು, "ಶಂಕರಪುರದ ಮಲ್ಲಿಗೆ ಇಲ್ಲಿ ಎಲ್ಲಿ ಸಿಗ್ಬೇಕು" ಎಂದೆ. ಅವನ ಕೈ ಒಂದು ಗಳಿಗೆ ನಿಂತಂತಾಯಿತು. ಆಮೇಲೆ ನನ್ನ ಬೆನ್ನು ತಟ್ಟಿ, ಹೆದರಬೇಡಿ ಸರ್ ಎಂದು ಇಂಗ್ಲಿಷಿನಲ್ಲಿ ಹೇಳಿ ಗೋಡೆಗೆ ದೂಡಿದ. ನಾಲ್ಕು ಅಡಿ ಹತ್ತಿ ಬಾವಲಿಯ ಹಾಗೆ ಅಂಟಿಕೊಂಡ ನನ್ನನ್ನು ಇಳಿಸಲು ಇಬ್ಬರು ಬೇಕಾಯಿತು. ಮಧ್ಯಾಹ್ನ ಟೇಬಲ್ ಟೆನಿಸ್ಸಿಗೆ ಹೋದೆ. ಅಲ್ಲಿ ಅಂಕ ಎಣಿಸುತ್ತಿದ್ದವನೂ ಅವನೇ. ಒಂಬತ್ತು ವರ್ಷದ ಚೀನೀ ಹುಡುಗಿಯೊಬ್ಬಳು ನನ್ನನ್ನು ಸೋಲಿಸುವ ತನಕ ಕಟಪಾಡಿ ಜಂಕ್ಷನ್ನಿನ ಟ್ರಾಫಿಕ್ಕು, ಹೊಸ ಸೇತುವೆ, ಅಲ್ಲಿಯ ಹೋಟೆಲಿನ ಬನ್ಸು, ಎಲ್ಲವನ್ನೂ ಗಾಳಿಗೆ ಹೇಳಿದೆ. ರೋನಿ ನಗುತ್ತಿದ್ದ. ಆದರೆ ಅದು ಎಲ್ಲ ಪ್ರಯಾಣಿಕರಿಗೂ ಕೊಡುವ ನಗುವೋ ನನಗೇ ಕೊಟ್ಟದ್ದೋ ಗೊತ್ತಾಗಲಿಲ್ಲ. ಹೀಗೆ ನಾಲ್ಕು ದಿನ ಕಳೆದವು. ಸಮುದ್ರ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನೀಲಿಯಾಗಿತ್ತು ಎನ್ನುತ್ತೇನೆ.

ಕೊನೆಯ ದಿನ ಬೆಳಿಗ್ಗೆ ಇಳಿಯುವ ದಾರಿಯಲ್ಲಿ ಸಿಬ್ಬಂದಿಯವರು ಸಾಲಾಗಿ ನಿಂತು ಕೈಕುಲುಕುತ್ತಿದ್ದರು. ರೋನಿಯೂ ಇದ್ದ. ನನ್ನ ಕೈ ಹಿಡಿದವನು ಬಿಡಲಿಲ್ಲ. ಏನೋ ಕಾಯುವವನಂತೆ ನನ್ನ ಮುಖವನ್ನೇ ನೋಡಿದ. "ಊರು..." ಎಂಬುದು ನನ್ನ ತುಟಿಯವರೆಗೆ ಬಂದಿತ್ತು. ಪಕ್ಕದಲ್ಲಿ ಶ್ರಾವ್ಯ ನಿಂತಿದ್ದಳು. ಧಾರವಾಡ ನೆನಪಾಯಿತು. ಥ್ಯಾಂಕ್ಯೂ ಎಂದು ಕೈ ಬಿಡಿಸಿಕೊಂಡು ಬಂದೆ. ಗೆದ್ದೆ ಎಂದು ಅನಿಸಬೇಕಿತ್ತು, ಅನಿಸಲಿಲ್ಲ.

ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹೆಂಗಸು, ಬೇರೆ ಯಾರಾದರೂ ಕೊಟ್ಟ ವಸ್ತು ನಿಮ್ಮ ಚೀಲಗಳಲ್ಲಿ ಇದೆಯೇ ಎಂದು ಕೇಳಿದಳು. ನಾನು ಖಂಡಿತ ಇಲ್ಲವೆಂದೆ. ಶ್ರಾವ್ಯ ಮೆಲ್ಲಗೆ, ಇದೆ ಎಂದಳು. ಅವಳ ಚೀಲದಿಂದ ಒಂದು ಪೊಟ್ಟಣ ಹೊರಬಂತು: ನೋವಿನ ಎಣ್ಣೆಯ ನಾಲ್ಕು ಬಾಟಲಿ, ಎರಡು ಡಬ್ಬ ಚಾಕಲೇಟು. ಮೇಲೆ ಕನ್ನಡ ಅಕ್ಷರದಲ್ಲಿ ರೋನಿಯ ಮನೆಯ ವಿಳಾಸ, ಶಂಕರಪುರದ್ದು. ಪರದೇಶದಲ್ಲಿರುವ ನಮ್ಮವರು ಊರಿಗೆ ಹೊರಟವರನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಬಾಟಲಿಗಳನ್ನು ಪರೀಕ್ಷಿಸಿ ದೊಡ್ಡ ಪೆಟ್ಟಿಗೆಗೆ ಹಾಕಿಸಿ ಮುಗಿಯುವವರೆಗೆ ನಾನು ತಡೆದುಕೊಂಡೆ.

"ಅವನ ಊರು ನಿನಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ದಿನವೇ. ಗೋಡೆ ಹತ್ಲಿಕ್ಕೆ ಹೋದಾಗ ಕೇಳಿದೆ."

"ನೀನು ಕೇಳಿದ್ದಾ!"

"ಶರತ್ತು ಇದ್ದದ್ದು ನಿಮಗಲ್ವಾ ಪಪ್ಪ?" ಎಂದವಳು ಚೀಲದ ಜಿಪ್ಪು ಎಳೆದಳು. ಆಮೇಲೆ ಹೇಳಿದಳು: "ಪಪ್ಪ ಕೇಳುವ ತನಕ ಎಂತದ್ದೂ ಹೇಳ್ಬೇಡಿ ಅಂಕಲ್, ಅವರು ಎಷ್ಟು ದಿನ ತಡೀತಾರೆ ನೋಡ್ವ ಅಂತ ನಾನೇ ಹೇಳಿದ್ದು. ಅವರಿಗೂ ತಮಾಷೆ ಆಯ್ತು. ನೀವು ಬಂದು ಮಲ್ಲಿಗೆ, ಬನ್ಸು ಅಂತ ಹೇಳಿ ಹೋದ ಮೇಲೆ ನಾವಿಬ್ರೂ ನಗಾಡಿದ್ದೇ ನಗಾಡಿದ್ದು. ಆದ್ರೆ ನಿನ್ನೆ ಪೊಟ್ಟಣ ಕೊಡುವಾಗ ಒಂದು ಮಾತು ಹೇಳಿದ್ರು. ಹಡಗಿಗೆ ಬಂದು ಏಳು ತಿಂಗಳಾಯ್ತಂತೆ. ನಿನ್ನ ಮನೆ ಎಲ್ಲಿ, ಯಾರ ಮಗ ಅಂತ ಊರಿನ ದೊಡ್ಡವರು ಒಬ್ಬರು ಕೇಳಿದ್ರೆ ಒಳ್ಳೇದಿತ್ತು, ನಿನ್ನ ಪಪ್ಪ ಕೇಳಲೇ ಇಲ್ಲ ಅಲ್ವಾ, ಅಂತ."

ನನಗೆ ಬಹಳ ಬೇಸರವಾಯಿತು, ಅವಳಿಗೂ ಆಗಿತ್ತು. ಜೀವಮಾನವಿಡೀ ಬೇಕಾದವರನ್ನೂ ಬೇಡದವರನ್ನೂ ಕೇಳಿದವನು, ಕೇಳಲಿ ಎಂದು ಕಾದು ನಿಂತ ಒಬ್ಬನೇ ಒಬ್ಬನನ್ನು ಕೇಳದೆ ಬಂದಿದ್ದೆ. ಮಂಗಳೂರಿನಲ್ಲಿ ಇಳಿದು ಕಾರು ಹತ್ತುವಾಗ ಶ್ರಾವ್ಯ, "ಶರತ್ತು ಇವತ್ತಿಗೆ ಕ್ಯಾನ್ಸಲ್ ಪಪ್ಪ. ಪೊಟ್ಟಣ ಕೊಡ್ಲಿಕ್ಕೆ ಒಟ್ಟಿಗೇ ಹೋಗುವ. ದಸರಾ ರಜೆಯಲ್ಲಿಯೂ ಎಲ್ಲಿಗಾದ್ರೂ ಹೋಗುವ" ಎಂದಳು.

ಆ ಭಾನುವಾರ ಕಟಪಾಡಿಯಿಂದ ಒಳಗೆ ತಿರುಗಿ ಶಂಕರಪುರಕ್ಕೆ ಹೋದೆವು. ಏನೇನು ಕೇಳಬೇಕೆಂದು ದಾರಿಯುದ್ದಕ್ಕೂ ಪಟ್ಟಿ ಮಾಡಿಕೊಂಡಿದ್ದೆ. ಮನೆ ತುಂಬ ಜನ. ಜಗಲಿಯಲ್ಲಿ ಸೊಸೆ, ನೆರೆಮನೆಯವರು, ಮೊಮ್ಮಕ್ಕಳೆಲ್ಲ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ನಡುವೆ ಕೂತಿದ್ದ, ಎಲ್ಲರೂ ಬಾಯಮ್ಮ ಎಂದು ಕರೆಯುತ್ತಿದ್ದ ರೋನಿಯ ತಾಯಿ ನನಗೆ ಬಾಯಿ ತೆರೆಯಲು ಬಿಟ್ಟರೆ ತಾನೇ? "ನಿಮ್ಮ ಊರು ಯಾವುದು? ಪರ್ಕಳದಲ್ಲಿ ಯಾವ ಮನೆ? ಹೆಂಡತಿ ಕಾಪುವಿನಲ್ಲಿ ಯಾರ ಮಗಳು?" ಎಂದು ಐದು ನಿಮಿಷದಲ್ಲಿ ನನ್ನ ಮೂರು ತಲೆಮಾರನ್ನು ಜಾಲಾಡಿದರು. ಆಮೇಲೆ ಹೂ ಕೆಳಗಿಟ್ಟು ಹತ್ತಿರ ಸರಿದು ಕೇಳಿದರು. "ನಾಲ್ಕು ದಿನ ಒಟ್ಟಿಗೆ ಇದ್ದಿರಂತಲ್ಲ. ಹೇಗಿದ್ದಾನೆ ನನ್ನ ಮಗ? ಸಪೂರ ಆಗಿದ್ದಾನಾ? ಗಂಜಿ ಸಿಗ್ತದಂತಾ ಅಲ್ಲಿ? ಬೆನ್ನು ನೋವು ಕಡಿಮೆ ಉಂಟಂತಾ? ರಜೆ ಯಾವಾಗ ಅಂತ ಹೇಳಿದ?"

ನಾಲ್ಕು ದಿನ ಅವನ ಮೂಗು ಬಿಟ್ಟು ನಾನು ನೋಡಿದ್ದಾದರೂ ಏನು? "ಚೆನ್ನಾಗಿದ್ದಾನೆ ಬಾಯಮ್ಮ, ಚೆನ್ನಾಗಿದ್ದಾನೆ" ಎಂದು ಎರಡು ಸಲ ಹೇಳಿ ನಿಲ್ಲಿಸಿದೆ. ಅವರು ಇನ್ನೂ ಕಾಯುತ್ತಿದ್ದರು. ಆಗ ಶ್ರಾವ್ಯ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತು, ಬುಧವಾರ ಮಾತ್ರ ಗಂಜಿ ಎಂದು, ಬೆನ್ನಿಗೆ ಈಗ ವ್ಯಾಯಾಮ ಮಾಡುತ್ತಾನೆಂದು, ಕ್ರಿಸ್ಮಸ್ಸಿಗೆ ಎರಡು ದಿನ ಮುಂಚೆ ಮನೆಯಲ್ಲಿರುತ್ತಾನೆಂದು, ಮಗಳ ಹಲ್ಲು ಬಿದ್ದ ಫೋಟೋವನ್ನು ಎಲ್ಲರಿಗೂ ತೋರಿಸುತ್ತಾನೆಂದು ಒಂದೊಂದಾಗಿ ಹೇಳಿದಳು. ಜಗಲಿಯಲ್ಲಿದ್ದವರೆಲ್ಲ ಹೂ ಕಟ್ಟುವುದನ್ನು ಬಿಟ್ಟು ಕೇಳಿದರು.

ಎಲ್ಲ ಕೇಳಿ ಮುಗಿದ ಮೇಲೆ ಬಾಯಮ್ಮ ಕಣ್ಣೊರೆಸಿಕೊಂಡು, ನನ್ನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಶ್ರಾವ್ಯಳನ್ನು ಕೇಳಿದರು. "ನಿನ್ನ ಪಪ್ಪ ಸ್ವಲ್ಪ ಮಾತು ಕಮ್ಮಿಯಾ ಮಗಳೇ?"

"ಹೌದು ಆಂಟಿ" ಎಂದಳು ಶ್ರಾವ್ಯ, ಮುಖದ ಒಂದು ಗೆರೆಯೂ ಅಲುಗದೆ. "ಮೊದಲಿಂದಲೂ ಹಾಗೇ. ಯಾರ ಹತ್ರವೂ ಎಂತದ್ದೂ ಕೇಳುವ ಕ್ರಮವೇ ಇಲ್ಲ."

ಸುಜಾತಳಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂದು ಅಂಗಳಕ್ಕೆ ಹೋದಳು. ಬಾಯಮ್ಮ ಕನಿಕರದಿಂದ "ಪಾಪ" ಎಂದು ನನ್ನ ತಟ್ಟೆಗೆ ಇನ್ನೊಂದು ತುಂಡು ಹಾಕಿದರು. ಅದು ಏನು ತಿಂಡಿ ಎಂದು ಕೂಡ ಕೇಳದೆ ತಿಂದೆ.