ಮೆಣಸಿನಕಾಯಿ ಹೆಚ್ಚೋ, ಟೊಮ್ಯಾಟೊ ಹೆಚ್ಚೋ

ಇನ್ನೊಬ್ಬರಿಗೆ ಏನು ತಿನ್ನಬೇಕು ಅಂತ ಹೇಳುವುದೇ ಕೆಲಸವಾದರೆ, ಪೇಚಿಗೆ ಸಿಕ್ಕಿಕೊಳ್ಳದೆ ಒಂದು ವಾರ ಕಳೆಯುವುದಿಲ್ಲ. ಹೊಸಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ ರೋಗಿಗಳಿಗೆ ಡಯಟ್ ಬರೆದುಕೊಡುವವಳು ನಾನು. ಊರು ತುಮಕೂರಿನ ಕಡೆ. ಮದುವೆಯಾಗಿಲ್ಲ. ಆಗಬಾರದು ಅಂತ ಹಟವೇನೂ ಇರಲಿಲ್ಲ, ಆಗಲಿಲ್ಲ ಅಷ್ಟೇ. ಸಂಜೆ ಬೀಗ ತೆಗೆದು ಒಳಗೆ ಹೋದರೆ ಬೆಳಿಗ್ಗೆ ಬೀಗ ಹಾಕುವ ತನಕ ನನ್ನ ದನಿ ನನಗೇ ಕೇಳಿಸುವುದಿಲ್ಲ. ಅದಕ್ಕೇ ಇರಬೇಕು, ಯಾರಾದರೂ ಒಂದು ಪ್ರಶ್ನೆ ಕೇಳಿದರೆ ಅರ್ಧ ಗಂಟೆ ಉತ್ತರ ಹೇಳುತ್ತೇನೆ.

ಶನಿವಾರ ಸುತ್ತಲಿನ ಊರುಗಳಿಗೆ ಹೋಗಿ ಹೆಂಗಸರಿಗೆ ಪಾಠ ಮಾಡುವುದೂ ನನ್ನ ಕೆಲಸವೇ. ಚೀಲದಲ್ಲಿ ಸಣ್ಣ ತಕ್ಕಡಿ ಇರುತ್ತದೆ. ಒಂದು ತಟ್ಟೆಗೆ ಹಸಿಮೆಣಸಿನಕಾಯಿ, ಇನ್ನೊಂದಕ್ಕೆ ಟೊಮ್ಯಾಟೊ ಹಾಕಿ ಸಮ ಮಾಡಿ, ಯಾವುದರಲ್ಲಿ ಸಿ ವಿಟಮಿನ್ ಹೆಚ್ಚು ಅಂತ ಕೇಳುತ್ತೇನೆ. ಎಲ್ಲರೂ ಟೊಮ್ಯಾಟೊ ಅನ್ನುತ್ತಾರೆ. ನಾನು ಮೆಣಸಿನಕಾಯಿ ಅನ್ನುತ್ತೇನೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಬಂಡ್ರಿಯ ಬಿಕ್ಕಳಿಕೆ

ಸಂಡೂರು ದಾಟಿ ಬಂಡ್ರಿಗೆ ಹೋಗಿದ್ದೆ. ಹೊಲಕ್ಕೂ ಗಣಿ ಕೆಲಸಕ್ಕೂ ಹೋಗುವ ಹೆಂಗಸರು ಮೂವತ್ತು ಜನ ಕೂತಿದ್ದರು. ಮೆಣಸಿನಕಾಯಿಯೇ ಹೆಚ್ಚು ಅಂದಾಗ ಮುಂದೆ ಕೂತಿದ್ದ ಒಬ್ಬಾಕೆ, ದಿನಾ ರೊಟ್ಟಿಗೆ ಅದನ್ನೇ ಕಚ್ಚಿಕೊಂಡು ತಿನ್ನುತ್ತೇವೆ, ಇಷ್ಟು ದಿನ ನಮ್ಮನ್ನು ನಾವು ಬಡವರು ಅಂದುಕೊಂಡಿದ್ದೆವಲ್ಲ ಅಂದಳು. ಎಲ್ಲರೂ ನಕ್ಕರು. ಆಮೇಲೆ ಆಕೆಯೇ ತಟ್ಟೆಯಿಂದ ಒಂದು ಮೆಣಸಿನಕಾಯಿ ಎತ್ತಿ ನನ್ನ ಕೈಗಿಟ್ಟು, ಮೇಡಂ ಮೊದಲು ತಿಂದು ತೋರಿಸಲಿ ಅಂದಳು.

ತಿಂದೆ. ಮರ್ಯಾದೆ ಪ್ರಶ್ನೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಮೇಲೆ ನಿಲ್ಲದ ಬಿಕ್ಕಳಿಕೆ. ಅವರು ನೀರು ತಂದರು. ಖಾರಕ್ಕೆ ನೀರು ನಾಟುವುದಿಲ್ಲ, ಮಜ್ಜಿಗೆ ಬೇಕು ಅಂತ ಪಾಠದ ಉಳಿದ ಭಾಗವನ್ನು ಬಿಕ್ಕುತ್ತಲೇ ಹೇಳಿದೆ. ಮಜ್ಜಿಗೆ ಕುಡಿದರೂ ಬಿಕ್ಕಳಿಕೆ ಹೋಗಲಿಲ್ಲ.

ಆಗ ಅಜ್ಜಿಯೊಬ್ಬರು ಪಕ್ಕಕ್ಕೆ ಬಂದು ಕೂತು, ಯಾರೋ ನೆನೆಸುತ್ತಿದ್ದಾರೆ, ಯಾರು ಅಂತ ಹೆಸರು ಹೇಳಿದರೆ ನಿಲ್ಲುತ್ತದೆ ಅಂದರು. ತಾಯಿಯೇ ಅಂತ ಕೇಳಿದರು. ತೀರಿಕೊಂಡಿದ್ದಾರೆ ಅಂದೆ. ಗಂಡ? ಇಲ್ಲ. ಮಕ್ಕಳ ಪ್ರಶ್ನೆ ಅಲ್ಲಿಗೆ ಮುಗಿಯಿತು. ಅಣ್ಣ? ಯುಗಾದಿಗೆ ಒಂದು ಫೋನ್ ಮಾಡುತ್ತಾನೆ, ಇದು ಯುಗಾದಿಯಲ್ಲ. ಗೆಳತಿಯರು? ಯೋಚನೆ ಮಾಡಿದೆ, ಬಿಕ್ಕಿದೆ. ಮೂವತ್ತು ಜನ ಹೆಂಗಸರು ನನ್ನನ್ನು ನೆನೆಸುವ ಒಬ್ಬರನ್ನು ಹುಡುಕಿ ಸುಸ್ತಾದರು. ಕೊನೆಗೆ ಹಿಂದಿನಿಂದ ಯಾವುದೋ ಒಂದು ದನಿ, "ಗ್ಯಾಸ್ ಸಿಲಿಂಡರ್ ತರೋನಿರಬೇಕ್ ನೋಡ್ರಿ" ಅಂತು.

ಬಿಕ್ಕಳಿಕೆ ಟಕ್ಕನೆ ನಿಂತಿತು. ಸಂಜೆ ಮನೆಗೆ ಬಂದರೆ ಪಕ್ಕದ ಮನೆಯವರು ಹೇಳಿದರು: ಸಿಲಿಂಡರಿನವನು ಎರಡು ಸಲ ಬಂದು, ಬೀಗ ನೋಡಿ, ಬಾಯಿಗೆ ಬಂದಂತೆ ನೆನೆಸಿಕೊಂಡು ಹೋದನಂತೆ.

ವಿಟಮಿನ್ ಮಿರ್ಚಿ

ಭಾನುವಾರ ಮಾಡಲು ಏನೂ ತೋಚದಿದ್ದರೆ ಹಂಪಿಯ ಬಸ್ಸು ಹತ್ತುತ್ತೇನೆ. ಅಲ್ಲಿ ಎಲ್ಲರೂ ಕಲ್ಲು ನೋಡುವುದರಲ್ಲಿ ಇರುತ್ತಾರೆ. ಒಬ್ಬಳೇ ಬಂದ ಹೆಂಗಸನ್ನು ಯಾರೂ ನೋಡುವುದಿಲ್ಲ. ವಾಪಸ್ ಬರುವಾಗ ಬಸ್ಸು ನಿಲ್ಲುವ ಕಡೆ ಒಂದು ಮಿರ್ಚಿ ಬಜ್ಜಿ ಅಂಗಡಿ. ಮಂಡಕ್ಕಿ ಒಗ್ಗರಣೆ, ಜೊತೆಗೆ ಎರಡು ಬಿಸಿ ಮಿರ್ಚಿ. ಒಂದು ದಿನ, ನಮ್ಮ ಆಸ್ಪತ್ರೆಗೆ ಬಂದು ಹೋಗಿದ್ದ ಅಂಗಡಿಯವನು, ದಿನಾ ಜನರ ಊಟಕ್ಕೆ ಬ್ಯಾಡ ಬ್ಯಾಡ ಅನ್ನೋ ಮೇಡಂ ಇದನ್ನು ಹೆಂಗ ತಿಂತೀರಿ ಅಂತ ಕೇಳಿದ. ಯಾರಾದರೂ ಕೇಳಿದರೆ ಸಾಕಲ್ಲ ನನಗೆ. ತೂಕಕ್ಕೆ ತೂಕ ಇಟ್ಟರೆ ಟೊಮ್ಯಾಟೊಗಿಂತ ಮೆಣಸಿನಕಾಯಿಯಲ್ಲೇ ಸಿ ವಿಟಮಿನ್ ಎಷ್ಟೋ ಪಾಲು ಜಾಸ್ತಿ ಅಂತ ಶುರು ಮಾಡಿ, ಬಸ್ಸು ಬಂದಿತೆಂದು ಅರ್ಧಕ್ಕೇ ಬಿಟ್ಟು ಓಡಿದೆ.

ಮುಂದಿನ ವಾರ ಹೋದರೆ ದೊಡ್ಡ ಬೋರ್ಡು: ವಿಟಮಿನ್ ಮಿರ್ಚಿ, ಆಸ್ಪತ್ರೆ ಮೇಡಂ ತಿನ್ನುವುದು ಇಲ್ಲಿಯೇ. ಇದನ್ನು ನಮ್ಮ ಡಾಕ್ಟರು ನೋಡಿದರೆ ನನ್ನ ಕೆಲಸ ಹೋದ ಹಾಗೆಯೇ. ಅವನನ್ನು ಕೂರಿಸಿ ಬಾಕಿ ಅರ್ಧ ಹೇಳಿದೆ. ಕುದಿಯುವ ಎಣ್ಣೆಗೆ ಬಿದ್ದ ಮೇಲೆ ಆ ವಿಟಮಿನ್ ಅಷ್ಟಾಗಿ ಉಳಿಯುವುದಿಲ್ಲ, ಉಳಿಯುವುದು ಎಣ್ಣೆ ಮತ್ತು ಹಿಟ್ಟು, ಇದು ಸುಳ್ಳು ಬೋರ್ಡು, ತೆಗೆಯಬೇಕು ಅಂದೆ. ಅವನಿಗೆ ಬೇಜಾರಾಯಿತು. ಸುಳ್ಳು ಹೇಳುವ ಮನುಷ್ಯ ನಾನಲ್ಲ, ನಾಳೆಯೇ ಸರಿಮಾಡುತ್ತೇನೆ ಅಂದ.

ಸರಿಮಾಡಿದ್ದ. ನನ್ನ ಸುದ್ದಿ ಅಳಿಸಿದ್ದ. ವಿಟಮಿನ್ ಮಿರ್ಚಿ ಅನ್ನುವುದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆಸಿದ್ದ: ಕರಿಯುವ ತನಕ ಮಾತ್ರ.

ಗಂಡ ಹೆಂಡತಿಯ ಪಂಚಾಯಿತಿ

ಮರಿಯಮ್ಮನಹಳ್ಳಿಯಿಂದ ಗಂಡ ಹೆಂಡತಿ ಬಂದಿದ್ದರು. ಆತ ಲಾರಿ ಓಡಿಸುವವನು, ಹೊಟ್ಟೆ ಉರಿ ಅಂತ ಡಾಕ್ಟರು ನನ್ನ ಹತ್ತಿರ ಕಳಿಸಿದ್ದರು. ಖುರ್ಚಿಯಲ್ಲಿ ಕೂರುವ ಮೊದಲೇ ಜಗಳ. ಆತನಿಗೆ ಪಲ್ಯಕ್ಕೆ ಬರೀ ಮೆಣಸಿನಕಾಯಿ ಸಾಕು, ಟೊಮ್ಯಾಟೊ ಕಂಡರೆ ಆಗದು, ಆಕೆಗೆ ಅದಿಲ್ಲದೆ ಒಲೆ ಹಚ್ಚಲು ಮನಸ್ಸಾಗದು. ಯಾವುದು ಮೈಗೆ ಒಳ್ಳೆಯದು ಅಂತ ನಾನೇ ಹೇಳಬೇಕಂತೆ.

ನಾನು ಎರಡೂ ಕಡೆಯ ವಕೀಲಿ ಮಾಡಿದೆ. ತೂಕಕ್ಕೆ ತೂಕ ಇಟ್ಟರೆ ಮೆಣಸಿನಕಾಯಿ ಗೆಲ್ಲುತ್ತದೆ, ಆದರೆ ಟೊಮ್ಯಾಟೊ ತಿಂದ ಹಾಗೆ ಅದನ್ನು ಬಟ್ಟಲುಗಟ್ಟಲೆ ಯಾರೂ ತಿನ್ನುವುದಿಲ್ಲ. ಟೊಮ್ಯಾಟೊ ಮುಕ್ಕಾಲಕ್ಕಿಂತ ಹೆಚ್ಚು ನೀರೇ, ಆದರೆ ಅದರ ಕೆಂಪಿನಲ್ಲಿ ಒಳ್ಳೆಯ ಅಂಶವಿದೆ. ಉರಿ ಇರುವವರು ಎರಡನ್ನೂ ಸ್ವಲ್ಪ ದಿನ ಕಡಿಮೆ ಮಾಡಬೇಕು. ಕೊನೆಗೆ ಇಬ್ಬರೂ ಸೋತರು ಅಂತ ತೀರ್ಪು ಕೊಟ್ಟೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಮುಸಿ ಮುಸಿ ನಕ್ಕರು. ಆತ ಆಕೆಯ ಚೀಲ ತಾನೇ ಎತ್ತಿಕೊಂಡ. ನನಗೆ ಹೊಟ್ಟೆಕಿಚ್ಚಾಯಿತು ಅಂದರೆ ಸುಳ್ಳಲ್ಲ. ಸಾರಿಗೆ ಏನು ಹಾಕಬೇಕು ಅಂತ ನನ್ನ ಜೊತೆ ಯಾರೂ ಜಗಳ ಆಡಿದವರಿಲ್ಲ.

ಬಾಗಿಲ ಹತ್ತಿರ ಆಕೆ ತಿರುಗಿ, ನಿಮ್ಮ ಮನೆಯಲ್ಲಿ ಯಾರು ಗೆಲ್ಲುತ್ತಾರೆ ಅಂತ ಕೇಳಿದಳು. ನಮ್ಮನೆಯಲ್ಲಿ ನಾನೊಬ್ಬಳೇ ಅಂದೆ.

ಆಕೆ ಎರಡು ಹೆಜ್ಜೆ ವಾಪಸ್ ಬಂದಳು. "ಹಂಗಾದ್ರ ದಿನಾ ನೀವ ಗೆಲ್ತೀರಿ, ದಿನಾ ನೀವ ಸೋಲ್ತೀರಿ. ಭಾಳ ತ್ರಾಸ್ ಐತಿ ಬಿಡ್ರಿ ನಿಮ್ದು."

ಕಂಪ್ಲಿಯ ಭಾಷಣ

ನಮ್ಮ ಆಸ್ಪತ್ರೆಯ ಹಿರಿಯ ಸಿಸ್ಟರ್ ಕಂಪ್ಲಿಯವರು. ತಮ್ಮ ನೆಂಟರ ಮನೆಯಲ್ಲಿ ನಾಲ್ಕಾರು ಹೆಣ್ಣುಮಕ್ಕಳು ಸೇರುತ್ತಾರೆ, ಬಂದು ನಿಮ್ಮ ತಕ್ಕಡಿ ಪಾಠ ಮಾಡಿ ಅಂತ ಕರೆದರು. ರೈಸ್ ಮಿಲ್ ಇರುವ ಮನೆ. ಪಡಸಾಲೆಯಲ್ಲಿ ಜಮಖಾನೆ ಹಾಸಿ, ನನ್ನನ್ನು ನಡುವೆ ಕೂರಿಸಿದರು. ಹೆಂಗಸರ ಹಿಂದೆ ಗೋಡೆಗೆ ಒರಗಿ ಹಣೆಗೆ ವಿಭೂತಿ ಹಚ್ಚಿದ, ಐವತ್ತರ ಆಸುಪಾಸಿನ ಒಬ್ಬರು ಗಂಡಸು ಕೂತಿದ್ದರು. ಆರೋಗ್ಯದ ಬಗ್ಗೆ ಕಾಳಜಿ ಇರುವ ಮನುಷ್ಯ ಅಂದುಕೊಂಡೆ.

ಅಂಥ ಸಭೆಯನ್ನು ನಾನು ಕಂಡಿರಲಿಲ್ಲ. ಎಲ್ಲರೂ ರೆಪ್ಪೆ ಮಿಟುಕಿಸದೆ ಕೇಳಿದರು. ಆಮೇಲೆ ಪ್ರಶ್ನೆಗಳು. ಅಕ್ಕತಂಗಿಯರು ಎಷ್ಟು ಜನ, ವಯಸ್ಸು ಎಷ್ಟು, ನಮ್ಮ ಕಡೆ ಖಾರ ಒಗ್ಗಿದೆಯೇ, ಬೆಳಿಗ್ಗೆ ಎಷ್ಟಕ್ಕೆ ಏಳುತ್ತೀರಿ. ಜನಕ್ಕೆ ಎಷ್ಟು ಪ್ರೀತಿ ಅಂದುಕೊಂಡು ಎಲ್ಲದಕ್ಕೂ ವಿವರವಾಗಿ ಹೇಳಿದೆ. ಹೊರಡುವಾಗ ಒಂದು ಸೀರೆ ಕೊಟ್ಟರು. ಭಾಷಣಕ್ಕೆ ಶಾಲು ಹೊದಿಸುವುದು ಗೊತ್ತಿತ್ತು. ಸೀರೆ ಕೊಡುವಷ್ಟು ಚೆನ್ನಾಗಿ ಮಾತಾಡಿದೆನಲ್ಲ ಅಂತ ಬಸ್ಸಿನಲ್ಲಿ ಹೊಸಪೇಟೆ ಬರುವ ತನಕ ಹಿಗ್ಗಿದೆ.

ಒಂದು ತಿಂಗಳಾದ ಮೇಲೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ, ಕಂಪ್ಲಿಯಲ್ಲಿ ಇನ್ನೊಂದು ಪಾಠ ಇಟ್ಟುಕೊಳ್ಳೋಣವೇ ಅಂತ ಸಿಸ್ಟರನ್ನು ಕೇಳಿದೆ. ಅವರು ಕಪ್ಪು ಕೆಳಗಿಟ್ಟು ನಿಜ ಹೇಳಿದರು. ಅದು ಪಾಠವಲ್ಲ, ನನ್ನನ್ನು ನೋಡುವ ಶಾಸ್ತ್ರ. ಹಿಂದೆ ಕೂತಿದ್ದವರು ಹೆಂಡತಿ ತೀರಿಕೊಂಡು ಆರು ವರ್ಷವಾದ ಮಿಲ್ಲಿನ ಯಜಮಾನರು. ಮೊದಲೇ ಹೇಳಿದರೆ ನಾನು ಬರುವುದಿಲ್ಲ ಅಂತ ಮುಚ್ಚಿಟ್ಟಿದ್ದರಂತೆ.

ನನಗೆ ಮೊದಲು ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಇನ್ನೊಂದು ಬಂತು, ಅದನ್ನು ನುಂಗಿಕೊಂಡು ಸುಮ್ಮನೆ ಕೇಳಿದೆ, "ಬೇಡ ಅಂದ್ರಾ?"

"ಅವ್ರೆಲ್ಲಿ ಬ್ಯಾಡ ಅಂದ್ರು ಮೇಡಂ? ಬ್ಯಾಡ ಅಂದಾಕಿ ನೀವು. ಕಡೀಕ ಅವ್ರು ಒಂದ ಮಾತು ಕೇಳಿದ್ರಲ್ಲ, ಎರಡೂ ಕೂಡಿದ್ರ ಚಲೋನೋ, ಬ್ಯಾರೆ ಬ್ಯಾರೆ ಇದ್ರ ಚಲೋನೋ ಅಂತ?"

"ನಾನೇನು ಹೇಳಿದೆ?"

"ಬ್ಯಾರೆ ಬ್ಯಾರೆ ಇದ್ರನ ಚಲೋ, ಕೂಡಿಸಿ ಬೇಯ್ಸಿದ್ರ ಸತ್ವ ಹೋಗ್ತೈತಿ ಅಂದ್ರಿ. ಎಲ್ಲಾರ ಮುಂದ."

ನಾನು ಹೇಳಿದ್ದು ವಿಟಮಿನ್ನಿನ ಮಾತು. ಅದಕ್ಕೂ ಇನ್ನೊಂದು ಅರ್ಧವಿದೆ ಅಂತ ಸಿಸ್ಟರಿಗೆ ವಿವರಿಸಿದೆ. ಟೊಮ್ಯಾಟೊವನ್ನು ಚೂರು ಎಣ್ಣೆ ಹಾಕಿ ಬೇಯಿಸಿದರೆ ಅದರ ಕೆಂಪಿನ ಅಂಶ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ, ಜೊತೆಗೆ ಮೆಣಸಿನಕಾಯಿ ಇದ್ದರೆ ತಪ್ಪೇನಿಲ್ಲ, ಇದನ್ನು ಅವರಿಗೆ ತಿಳಿಸಬಹುದಲ್ಲ ಅಂದೆ. ನನ್ನ ದನಿ ಯಾಕೋ ಸಣ್ಣದಾಗಿತ್ತು.

ಸಿಸ್ಟರ್ ಚೀಲದಿಂದ ಒಂದು ಲಕೋಟೆ ತೆಗೆದು ನನ್ನ ಮುಂದಿಟ್ಟರು. ಅವರಿಗೆ ಗಂಗಾವತಿ ಕಡೆಯ ಸಂಬಂಧ ಕುದುರಿದೆ, ಬರುವ ಭಾನುವಾರವೇ ಮದುವೆ, ನಿಮಗೂ ಕಾರ್ಡು ಕೊಟ್ಟು ಕಳಿಸಿದ್ದಾರೆ ಅಂದರು. ಆಮೇಲೆ ಮೆಲ್ಲಗೆ, "ಬಂದು ನೀವ ಖುದ್ದು ಹೇಳ್ರಿ ಬೇಕಾದ್ರ" ಅಂದರು.

ಹೋದೆ. ಅವರು ಕೊಟ್ಟ ಸೀರೆಯನ್ನೇ ಉಟ್ಟುಕೊಂಡು ಹೋದೆ. ಯಜಮಾನರು ಕೈ ಮುಗಿದು, ಊಟ ಮಾಡಿಕೊಂಡೇ ಹೋಗಬೇಕು ಅಂದರು. ಎಲೆಯ ತುದಿಗೆ ಟೊಮ್ಯಾಟೊ, ಹಸಿಮೆಣಸಿನಕಾಯಿ ಎರಡನ್ನೂ ಕೂಡಿಸಿ, ಹುರಿದು, ಅರೆದ ಚಟ್ನಿ ಬಡಿಸಿದ್ದರು. ಮೂರು ಸಲ ಹಾಕಿಸಿಕೊಂಡೆ.