ನಗಿಸಲು ಹೊರಟ ಗುಮಾಸ್ತನ ದಿನಚರಿ

ನನಗೊಬ್ಬ ಸವತಿಯಿದ್ದಾನೆ. (ಗಂಡಸರಿಗೆಲ್ಲಿಯ ಸವತಿ ಎನ್ನುವವರು ನಮ್ಮ ಮನೆಗೊಮ್ಮೆ ಬಂದು ನೋಡಬೇಕು.) ಅವನು ಒಂದು ಹಳೆಯ ಹಾಸ್ಯ ಕಾದಂಬರಿಯ ನಾಯಕ. ನನ್ನ ಹಾಗೇ ಗುಮಾಸ್ತ. ಇಡೀ ಪುಸ್ತಕ ಅವನ ದಿನಚರಿ. ನನ್ನವಳು ಅದನ್ನು ವರ್ಷಕ್ಕೊಂದು ಸಲ ಓದುತ್ತಾಳೆ, ಓದಿದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ.

"ಅಂಥದ್ದೇನಿದೆ ಅದರಲ್ಲಿ?" ಎಂದೆ ಒಮ್ಮೆ.

"ಪಾಪ, ತಾನು ದೊಡ್ಡ ಮನುಷ್ಯ ಅಂತ ಅವನಿಗೆ ನಂಬಿಕೆ. ಎಡವಿ ಬಿದ್ದಿದ್ದನ್ನೂ ಗಂಭೀರವಾಗಿ ಬರೀತಾನೆ. ಎಷ್ಟು ಸಲ ಓದಿದ್ರೂ ಹೊಸದಾಗೇ ಇರುತ್ತೆ."

ನನ್ನ ಮಾತಿಗೆ ಅವಳು ನಕ್ಕು ಯಾವ ಕಾಲವಾಯಿತೋ. ಹೊಟ್ಟೆ ಉರಿಯಿತು, ಸುಳ್ಳೇಕೆ, ಸ್ವಲ್ಪ ಅಳುವೂ ಬಂತು. ಇವಳನ್ನು ಒಂದೇ ಒಂದು ಸಲ ನಗಿಸಿಯೇ ಸೈ ಎಂದು ನಾನೂ ದಿನಚರಿ ಶುರು ಮಾಡಿದೆ. ಸಾಲಿಗೊಂದು ಜೋಕು ತುರುಕಿದೆ. ಬರೆದು ಬರೆದು ಬೆನ್ನು ಬಿದ್ದುಹೋಯಿತು. ಅವಳು ಬಟ್ಟೆ ಮಡಚುತ್ತಾ ಓದಿದಳು, ಕರೆಂಟ್ ಬಿಲ್ಲು ನೋಡುವ ಮುಖದಲ್ಲಿ.

"ಯಾಕ್ರೀ, ಮೈಗೆ ಹುಷಾರಿಲ್ವಾ?" ಎಂದಳು.

ಜೋಕಿನ ಸಹವಾಸವೇ ಸಾಕೆನಿಸಿತು. ಅಷ್ಟರಲ್ಲಿ ಬಚ್ಚಲಿನ ನಲ್ಲಿಯ ಪ್ರಕರಣ ನಡೆದು ಎಲ್ಲರೂ ನನ್ನನ್ನೇ ಬೈದರು. ನ್ಯಾಯ ದಾಖಲಾಗಲಿ ಎಂದು ಹೀಗೆ ಬರೆದೆ:

'ಭಾನುವಾರ. ನಲ್ಲಿ ರಿಪೇರಿಯನ್ನು ಸ್ವತಃ ಕೈಗೊಂಡೆ. ನೀರು ಸರಬರಾಜು ಕಚೇರಿಯ ಹಿರಿಯ ಗುಮಾಸ್ತನಿಗೆ ಪ್ಲಂಬರಿನ ಅಗತ್ಯ ಕಾಣಲಿಲ್ಲ. ವಾಲ್ವ್ ಬಂದ್ ಮಾಡಿದೆ. ಅದು ಮಹಡಿ ಮನೆಯ ವಾಲ್ವ್ ಎಂದು ಯಾರೂ ಮೊದಲೇ ತಿಳಿಸದಿದ್ದುದು ವಿಷಾದನೀಯ. ನಮ್ಮ ನಲ್ಲಿ ಕಿತ್ತು ಕೈಗೆ ಬಂತು, ನೀರು ಚಾವಣಿ ಮುಟ್ಟಿತು. ಒತ್ತಡ ತೃಪ್ತಿಕರವಾಗಿತ್ತು. ಮಹಡಿಯ ಮೇಷ್ಟ್ರು ಟವೆಲ್ ಸುತ್ತಿಕೊಂಡು, ಮೈತುಂಬ ಸೋಪಿನೊಂದಿಗೆ ಇಳಿದುಬಂದು ಕೂಗಾಡಿದರು. ಶಿಕ್ಷಕರಾದವರು ಸಂಯಮ ಕಳೆದುಕೊಳ್ಳಬಾರದೆಂದು ತಿಳಿಹೇಳಿದೆ.'

ಅವಳು ಓದಿದಳು. ತಲೆ ತಗ್ಗಿಸಿದಳು. ಭುಜ ಅಲುಗತೊಡಗಿತು. ಪಶ್ಚಾತ್ತಾಪದಿಂದ ಅಳುತ್ತಿದ್ದಾಳೆಂದು ನನ್ನ ಕರುಳು ಚುರುಕ್ಕೆಂದಿತು.

"ಹೋಗಲಿ ಬಿಡು, ನಾನಾಗಲೇ ಕ್ಷಮಿಸಿದ್ದೀನಿ" ಎಂದೆ.

ಅವಳು ಮಡಚಿಟ್ಟ ಬಟ್ಟೆಗಳ ಮೇಲೆ ಉರುಳಿಬಿದ್ದು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಏದುಸಿರು ಬಿಡುತ್ತಲೇ ತಂಗಿಗೆ ಫೋನ್ ಮಾಡಿ "ಬೇಗ ಬಾರೇ, ನಿಮ್ಮ ಭಾವ ಬರೆದಿದ್ದಾರೆ" ಎಂದಳು. ನಾದಿನಿ ಆಟೋ ಹಿಡಿದು ಬಂದಳು. 'ಒತ್ತಡ ತೃಪ್ತಿಕರ' ಎಂಬಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು.

"ಇದರಲ್ಲಿ ನಗೋದೇನಿದೆ? ನಡೆದಿದ್ದನ್ನ ನಡೆದ ಹಾಗೆ ಬರ್ದಿದೀನಿ" ಎಂದೆ.

"ಅಯ್ಯೋ, ಹೀಗೇ ಬರೀರಿ ಭಾವ" ಎಂದಳು ನಾದಿನಿ. "ತಮಾಷೆ ಮಾತ್ರ ಮಾಡೋಕೆ ಹೋಗ್ಬೇಡಿ."

ನಾನು ಎದ್ದು ಒಳಗೆ ಹೋದೆ. ಮರ್ಯಾದಸ್ಥನೊಬ್ಬನ ಮನಸ್ಸಿಗಾದ ನೋವನ್ನು ಅತ್ಯಂತ ಗಂಭೀರವಾಗಿ ಎರಡು ಪುಟ ಬರೆದು, ತಂದು ಅವರ ಮುಂದಿಟ್ಟೆ.

ಅದು ಇನ್ನೂ ಚೆನ್ನಾಗಿದೆಯಂತೆ.